ಆರೋಗ್ಯ ಪ್ರಶ್ನೋತ್ತರ: ಪೆಟ್ಟಾಗದೆಯೂ ಮೈ ನೀಲಿಗಟ್ಟಿದರೆ

ಪ್ರಶ್ನೆ: ನಮ್ಮ ಅತ್ತೆಗೆ 66 ವರ್ಷ. ಎರಡು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ಈಚೆಗೆ ಎಲ್ಲೂ ಪೆಟ್ಟು ಬೀಳದಿದ್ದರೂ ಮುಂಗೈ, ತೊಡೆಯ ಮೇಲೆ ನೀಲಿ ಕಲೆ ಏಳುತ್ತಿವೆ. ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ಮಾತ್ರೆ ತರಿಸಿ ನುಂಗುತ್ತಾರೆ. ‘ರಕ್ತ ಕೆಟ್ಟಿದೆ, ಕಷಾಯ ಕುಡಿಸಿ’ ಎನ್ನುತ್ತಾರೆ ಅಕ್ಕಪಕ್ಕದವರು. ಏನು ಮಾಡೋಣ?
– ಓದುಗರು, ಹೊಸನಗರ ತಾಲ್ಲೂಕು

ಉತ್ತರ: ಕಷಾಯ ಸದ್ಯಕ್ಕೆ ಬದಿಗಿರಲಿ. ಅತ್ತೆಯವರು ನುಂಗುವ ಎಲ್ಲ ಮಾತ್ರೆಗಳ ಸ್ಟ್ರಿಪ್, ಪುಡಿ, ಲೇಹ್ಯ ಸಮೇತ ಒಂದು ಚೀಲಕ್ಕೆ ಹಾಕಿಕೊಂಡು ಈ ವಾರದಲ್ಲೇ ವೈದ್ಯರ ಬಳಿ ಹೋಗಿ. ಈ ವಯಸ್ಸಿನಲ್ಲಿ ಕಾರಣ ಹೆಚ್ಚಾಗಿ ಸಿಗುವುದು ಆ ಚೀಲದಲ್ಲೇ.

ಸ್ಟೆಂಟ್ ಹಾಕಿದವರಿಗೆ ಸಾಮಾನ್ಯವಾಗಿ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಅಥವಾ ಎರಡೂ ಇರುತ್ತವೆ. ಇವು ಪ್ಲೇಟ್‌ಲೆಟ್‌ಗಳು (ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣಗಳು) ಒಂದಕ್ಕೊಂದು ಅಂಟದಂತೆ ತಡೆಯುತ್ತವೆ. ಒಮ್ಮೆ ಆಸ್ಪಿರಿನ್ ತಾಗಿದ ಪ್ಲೇಟ್‌ಲೆಟ್ ತನ್ನ ಆಯಸ್ಸು ಮುಗಿಯುವವರೆಗೆ, ಅಂದರೆ 7ರಿಂದ 10 ದಿನ, ಸರಿಯಾಗಿ ಕೆಲಸ ಮಾಡುವುದಿಲ್ಲ. ಹಾಗಾಗಿ ರಿಪೋರ್ಟಿನಲ್ಲಿ ಪ್ಲೇಟ್‌ಲೆಟ್ ಎಣಿಕೆ ಸರಿಯಿದ್ದರೂ ಮೈ ನೀಲಿಗಟ್ಟಬಹುದು. ಇದರ ಮೇಲೆ ಡೈಕ್ಲೋಫಿನ್ಯಾಕ್, ಐಬುಪ್ರೊಫೇನ್‌ನಂಥ ನೋವಿನ ಮಾತ್ರೆ ಸೇರಿದರೆ ಚರ್ಮದಡಿಯ ಕಲೆಗಿಂತ ಹೊಟ್ಟೆಯೊಳಗಿನ ರಕ್ತಸ್ರಾವದ್ದೇ ದೊಡ್ಡ ಭಯ. ಮಂಡಿನೋವಿನ ಮಾತ್ರೆಯನ್ನು ಇಂದೇ ನಿಲ್ಲಿಸಿ. ಬದಲಿಗೆ ಏನೆಂದು ವೈದ್ಯರನ್ನೇ ಕೇಳಿ. ಆದರೆ ಹೃದಯದ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಕಲೆಗೆ ಹೆದರಿ ಮಾತ್ರೆ ಬಿಟ್ಟರೆ ಸ್ಟೆಂಟ್‌ನೊಳಗೆ ರಕ್ತ ಹೆಪ್ಪುಗಟ್ಟಿ ಹೃದಯಾಘಾತವಾಗಬಹುದು.

ಲೇಬಲ್ ಇಲ್ಲದ ನೋವಿನ ಪುಡಿಗಳನ್ನೂ ಮರೆಮಾಚದೆ ತೋರಿಸಿ. ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟು. ತಿಂಗಳುಗಟ್ಟಲೆ ಸ್ಟೀರಾಯ್ಡ್ ಹೋದರೆ ಚರ್ಮ ತೆಳುವಾಗಿ, ಬಳೆ ಉಜ್ಜಿದರೂ ಕಲೆ ಏಳುತ್ತದೆ. ಅದನ್ನು ಥಟ್ಟನೆ ನಿಲ್ಲಿಸುವುದೂ ಅಪಾಯ, ವೈದ್ಯರು ಹಂತಹಂತವಾಗಿ ಇಳಿಸಬೇಕು.

ವಯಸ್ಸಾದವರ ಮುಂಗೈಯ ಹೊರಬದಿಯಲ್ಲಷ್ಟೇ ನೇರಳೆ ಕಲೆ ಬಂದು, ಎರಡು ಮೂರು ವಾರದಲ್ಲಿ ತಾನೇ ಮಾಸಿದರೆ ಅದು ಸವೆದ ಚರ್ಮದ ಲಕ್ಷಣ. ನಿಮ್ಮ ಅತ್ತೆಯವರಿಗೆ ತೊಡೆಯ ಮೇಲೂ ಬರುತ್ತಿರುವುದರಿಂದ ಪರೀಕ್ಷೆ ಬೇಕೇ ಬೇಕು. ಸಿಬಿಸಿ (ರಕ್ತಕಣಗಳ ಎಣಿಕೆ), ಪೆರಿಫೆರಲ್ ಸ್ಮಿಯರ್ (ರಕ್ತದ ಹನಿಯನ್ನು ಸ್ಲೈಡಿಗೆ ಸವರಿ ನೋಡುವುದು), ರಕ್ತ ಹೆಪ್ಪುಗಟ್ಟುವ ಸಮಯ ಅಳೆಯುವ ಪಿಟಿ–ಐಎನ್‌ಆರ್, ಎಪಿಟಿಟಿ, ಜೊತೆಗೆ ಯಕೃತ್ತು ಮತ್ತು ಮೂತ್ರಪಿಂಡದ ಪರೀಕ್ಷೆ. ಪ್ಲೇಟ್‌ಲೆಟ್ ಸಾಮಾನ್ಯವಾಗಿ 1.5ರಿಂದ 4.5 ಲಕ್ಷ ಇರಬೇಕು. ಕೆಲವರ ರಕ್ತದಲ್ಲಿ ಪ್ಲೇಟ್‌ಲೆಟ್‌ಗಳು ಸ್ಯಾಂಪಲ್ ಟ್ಯೂಬಿನೊಳಗೇ ಗುಂಪುಗಟ್ಟುತ್ತವೆ. ಆಗ ಯಂತ್ರ ಸುಳ್ಳೇ ಕಡಿಮೆ ತೋರಿಸುತ್ತದೆ. ಸ್ಲೈಡನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾದದ್ದು ಇದಕ್ಕೇ. ತೂಕ ಇಳಿಯುವುದು, ತೀರದ ಸುಸ್ತು, ಪದೇ ಪದೇ ಜ್ವರ, ಕುತ್ತಿಗೆ ಅಥವಾ ಕಂಕುಳಲ್ಲಿ ಗಡ್ಡೆ ಇದ್ದರೆ ಅದನ್ನೂ ಹೇಳಿ. ರಕ್ತದ ಕ್ಯಾನ್ಸರ್ ಅಪರೂಪ, ಆದರೂ ಈ ಲಕ್ಷಣಗಳಿದ್ದಾಗ ವೈದ್ಯರು ಅದನ್ನೂ ಹುಡುಕುತ್ತಾರೆ.

ಮಲ ಕಪ್ಪಗೆ ಅಂಟಂಟಾಗಿ ಹೋದರೆ, ರಕ್ತ ವಾಂತಿಯಾದರೆ, ಮೂತ್ರ ಕೆಂಪಾದರೆ ಅದೇ ದಿನ ಆಸ್ಪತ್ರೆ. (ಕಬ್ಬಿಣದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಆದರೆ ಅದನ್ನು ಮನೆಯಲ್ಲಿ ಕೂತು ತೀರ್ಮಾನಿಸಬೇಡಿ.) ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ ಅವರ ತಲೆಗೆ ಪೆಟ್ಟಾದರೆ, ಎದ್ದು ಓಡಾಡುತ್ತಿದ್ದರೂ ಕಾಯಬೇಡಿ.

ಪ್ರಶ್ನೆ: ಐದು ವರ್ಷದ ಮಗನಿಗೆ ಮೂರು ದಿನ ಜ್ವರವಿತ್ತು. ಈಗ ಜ್ವರ ಬಿಟ್ಟಿದೆ, ಕಾಲಿನ ತುಂಬ ಸಾಸಿವೆಯಷ್ಟು ಕೆಂಪು ಚುಕ್ಕಿಗಳಿವೆ. ಬೆವರುಸಾಲೆ ಎಂದು ಅಜ್ಜಿ ಅರಿಶಿನ ಹಚ್ಚಿದ್ದಾರೆ. ಪಪ್ಪಾಯಿ ಎಲೆಯ ರಸ ಕೊಡಬಹುದೇ?
– ಓದುಗರು, ಸಾಗರ

ಉತ್ತರ: ಇದನ್ನು ಓದಿದ ತಕ್ಷಣ ಮಗುವನ್ನು ಆಸ್ಪತ್ರೆಗೆ ಕರೆದೊಯ್ಯಿರಿ. ಹೊರಡುವ ಮುನ್ನ ಒಂದು ನಿಮಿಷದ ಪರೀಕ್ಷೆ: ಅರಿಶಿನ ಒರೆಸಿ, ಪಾರದರ್ಶಕ ಗಾಜಿನ ಲೋಟದ ಬದಿಯನ್ನು ಚುಕ್ಕಿಯ ಮೇಲೆ ಒತ್ತಿ ನೋಡಿ. ಬೆವರುಸಾಲೆಯ ಕೆಂಪು ಸಾಮಾನ್ಯವಾಗಿ ಒತ್ತಿದಾಗ ಮಾಸುತ್ತದೆ. ಮಾಸದೆ ಉಳಿದರೆ ಅದು ಚರ್ಮದಡಿ ಸೋರಿದ ರಕ್ತ. ಮಾಸಿತೆಂದು ಹೋಗುವುದನ್ನು ಬಿಡಬೇಡಿ.

ಇದು ಡೆಂಗಿ ಇರಬಹುದು. ಡೆಂಗಿಯಲ್ಲಿ ಮೋಸವಾಗುವುದು ಜ್ವರ ಇಳಿಯುವ ಹೊತ್ತಿನಲ್ಲಿ, ಮೂರರಿಂದ ಏಳನೇ ದಿನದ ನಡುವೆ. ಮನೆಯವರು ‘ಸದ್ಯ, ಜ್ವರ ಬಿಟ್ಟಿತು’ ಎಂದು ನಿಟ್ಟುಸಿರು ಬಿಡುವಾಗಲೇ ರಕ್ತನಾಳಗಳಿಂದ ನೀರು ಸೋರಿ ಬಿಪಿ ಕುಸಿಯಬಹುದು. ಹೊಟ್ಟೆನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ಮಂಕು, ತಣ್ಣಗಾದ ಕೈಕಾಲು, ಆರು ತಾಸಾದರೂ ಮೂತ್ರ ಬಾರದಿರುವುದು ಕಂಡರೆ 108ಕ್ಕೆ ಫೋನ್ ಮಾಡಿ. ಪಪ್ಪಾಯಿ ರಸ ನಂಬಿ ಕೂರಬೇಡಿ. ಅದರ ಕಹಿಗೆ ವಾಂತಿಯಾದರೆ ಮಗುವಿಗೆ ಬೇಕಾದ ನೀರೇ ಹೊರಹೋಗುತ್ತದೆ. ಮತ್ತೆ ಜ್ವರ ಬಂದರೆ ಪ್ಯಾರಸಿಟಮಾಲ್ ಮಾತ್ರ, ತೂಕದ ಪ್ರತಿ ಕಿಲೋಗೆ 10ರಿಂದ 15 ಮಿಲಿಗ್ರಾಂ, ಆರು ತಾಸಿನ ಅಂತರದಲ್ಲಿ. ಐಬುಪ್ರೊಫೇನ್, ಆಸ್ಪಿರಿನ್ ಬೇಡ. ಸೊಂಟಕ್ಕೆ ಇಂಜೆಕ್ಷನ್ ಕೂಡ ಬೇಡ, ಚುಚ್ಚಿದಲ್ಲೇ ರಕ್ತ ಕಟ್ಟಿಕೊಳ್ಳಬಹುದು.

ಡಿಸೆಂಬರ್‌ನಿಂದ ಮೇ ವರೆಗಿನ ದಿನಗಳಾದರೆ ಇನ್ನೊಂದು ಮಾತು ಹೇಳಲೇಬೇಕು: ಮನೆಯವರು ಸೊಪ್ಪಿನಬೆಟ್ಟಕ್ಕೋ ತರಗೆಲೆಗೋ ಹೋಗಿದ್ದರೇ, ಹತ್ತಿರದಲ್ಲಿ ಮಂಗ ಸತ್ತಿತ್ತೇ? 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಉಣ್ಣೆ ಕಡಿತದಿಂದ ಹರಡುತ್ತದೆ. ಅದರಲ್ಲೂ ಮೂಗು, ಒಸಡಿನಿಂದ ರಕ್ತ ಬರುವುದುಂಟು.

ಎಲ್ಲ ಜ್ವರಪರೀಕ್ಷೆಗಳೂ ನೆಗೆಟಿವ್ ಬಂದು ಪ್ಲೇಟ್‌ಲೆಟ್ ಮಾತ್ರ ಬಿದ್ದಿದ್ದರೆ ಐಟಿಪಿ ಇರಬಹುದು. ವೈರಸ್ ಸೋಂಕಿನ ನಂತರ ದೇಹದ ರಕ್ಷಣಾ ವ್ಯವಸ್ಥೆ ತನ್ನ ಪ್ಲೇಟ್‌ಲೆಟ್‌ಗಳನ್ನೇ ನಾಶಮಾಡುವ ತೊಂದರೆಯಿದು. ಹೆಚ್ಚಿನ ಮಕ್ಕಳಲ್ಲಿ ಕೆಲವು ತಿಂಗಳಲ್ಲಿ ಸರಿಹೋಗುತ್ತದೆ. ಅಂದಹಾಗೆ, ಆಡುವ ಮಕ್ಕಳ ಮೊಣಕಾಲು, ಕಣಕಾಲಿನ ಮೇಲಿನ ಕಲೆಗೆ ಗಾಬರಿ ಬೇಡ. ಬೆನ್ನು, ಹೊಟ್ಟೆ, ಕಿವಿಯ ಮೇಲೆ ಅಥವಾ ಇನ್ನೂ ಅಂಬೆಗಾಲಿಡದ ಕೂಸಿನ ಮೈಮೇಲೆ ಕಂಡರೆ ತೋರಿಸಲೇಬೇಕು.

ಪ್ರಶ್ನೆ: ತೋಟದಲ್ಲಿ ಉಂಬಳ ಕಚ್ಚಿದರೆ ನನಗೆ ರಕ್ತ ಬೇಗ ನಿಲ್ಲುವುದಿಲ್ಲ. ಇದು ರಕ್ತದ ಕಾಯಿಲೆಯೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಅಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹಿರುಡಿನ್‌ನಂಥ ಅಂಶಗಳು ಉಂಬಳದ ಜೊಲ್ಲಿನಲ್ಲಿವೆ. ಕೆಲವು ತಾಸು ಜಿನುಗುವುದು ಸಹಜ. ಸೋಪುನೀರಿನಿಂದ ತೊಳೆದು, ಶುಭ್ರ ಬಟ್ಟೆಯಿಂದ 15 ನಿಮಿಷ, ನಡುವೆ ತೆಗೆದು ನೋಡದೆ, ಒತ್ತಿ ಹಿಡಿಯಿರಿ. ಹಲ್ಲು ಕಿತ್ತಾಗಲೂ ರಕ್ತ ನಿಲ್ಲದಿದ್ದರೆ, ಮುಟ್ಟಿನ ಸ್ರಾವ ವಿಪರೀತವಿದ್ದರೆ ಪರೀಕ್ಷೆ ಮಾಡಿಸಿ. ಆದರೆ ಕಚ್ಚಿದ ಜಾಗ ಉರಿದು, ಊದಿ, ಸುತ್ತ ಕಪ್ಪುಗಟ್ಟುತ್ತಿದ್ದರೆ ಅದು ಉಂಬಳವಲ್ಲ, ಮಂಡಲದ ಹಾವಿರಬಹುದು. ಕಟ್ಟು ಬಿಗಿಯದೆ, ಕೊಯ್ಯದೆ, ಕಾಲು ಅಲುಗಿಸದೆ ಆಸ್ಪತ್ರೆಗೆ ಹೋಗಿ. ಅಲ್ಲಿ ಒಣಗಿದ ಗಾಜಿನ ನಳಿಕೆಯಲ್ಲಿ 2 ಮಿಲಿಲೀಟರ್ ರಕ್ತವನ್ನು 20 ನಿಮಿಷ ಅಲುಗಿಸದೆ ಇಟ್ಟು ಓರೆ ಮಾಡಿ ನೋಡುತ್ತಾರೆ. ಹೆಪ್ಪುಗಟ್ಟದೆ ಹರಿದರೆ ವಿಷ ರಕ್ತಕ್ಕೆ ಸೇರಿದೆ ಎಂದರ್ಥ.