ಓದುಗರ ಪ್ರಶ್ನೆ, ನಮ್ಮ ಉತ್ತರ: ಬ್ಯಾಂಕಿನ ಚಿಲ್ಲರೆಯಲ್ಲಿ ಬೆಳ್ಳಿಯ ನಾಣ್ಯ

ಹಳೆಯ ಬೆಳ್ಳಿ ರೂಪಾಯಿಯ ತೂಕವೇ ಒಂದು ತೊಲೆ, ಅಂದರೆ 11.66 ಗ್ರಾಂ, ಎಂದು ಹಿಂದಿನ ಸಂಚಿಕೆಯಲ್ಲಿ ಬರೆದ ಮೇಲೆ ಹುಬ್ಬಳ್ಳಿ, ಧಾರವಾಡ, ಗದಗ ಮತ್ತು ಹಾವೇರಿ ಕಡೆಯ ಓದುಗರಿಂದ ಬೆಳ್ಳಿ ನಾಣ್ಯಗಳ ಕುರಿತು ಅನೇಕ ಪತ್ರಗಳು ಬಂದಿವೆ. ಅವುಗಳಲ್ಲಿ ಐದನ್ನು ಆಯ್ದುಕೊಂಡು ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಮ್ಮ ಮಗ ಅಮೆರಿಕದಲ್ಲಿದ್ದಾನೆ. ಬರುವ ತಿಂಗಳು ನಾವು ದಂಪತಿಗಳು ಆರು ತಿಂಗಳ ಮಟ್ಟಿಗೆ ಅಲ್ಲಿಗೆ ಹೊರಟಿದ್ದೇವೆ. ಅಲ್ಲಿನ ಬ್ಯಾಂಕುಗಳಲ್ಲಿ ಕಾಗದ ಸುತ್ತಿದ ನಾಣ್ಯದ ರೋಲ್‌ಗಳನ್ನು ತಂದು, ಬಿಚ್ಚಿ, ಬೆಳ್ಳಿಯ ನಾಣ್ಯ ಹುಡುಕುವ ಹವ್ಯಾಸವಿದೆಯಂತೆ. ಇದು ನಿಜವೇ? ಹೊಸಬರು ಹೇಗೆ ಆರಂಭಿಸಬೇಕು?
– ನಿವೃತ್ತ ಶಿಕ್ಷಕರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ನಿಜ. ಅಲ್ಲಿ ಇದು ಸಾಧ್ಯವಾಗುವುದಕ್ಕೆ ಕಾರಣವೊಂದಿದೆ. ಅಮೆರಿಕ ತನ್ನ ಬೆಳ್ಳಿಯ ಚಿಲ್ಲರೆಯನ್ನು ನಿಲ್ಲಿಸಿದಾಗ ಹಳೆಯ ನಾಣ್ಯಗಳ ಚಲಾವಣೆಯನ್ನು ರದ್ದುಗೊಳಿಸಲಿಲ್ಲ. 1965ರ ನಾಣ್ಯ ಕಾಯ್ದೆಯಿಂದ ಡೈಮ್ (10 ಸೆಂಟ್) ಮತ್ತು ಕ್ವಾರ್ಟರ್ (25 ಸೆಂಟ್) ನಾಣ್ಯಗಳಲ್ಲಿ ಬೆಳ್ಳಿ ಪೂರ್ತಿ ಇಲ್ಲವಾಯಿತು. ಹಾಫ್ ಡಾಲರಿನಲ್ಲಿ (50 ಸೆಂಟ್) ಅದು ಶೇಕಡಾ 90ರಿಂದ 40ಕ್ಕೆ ಇಳಿದು, 1971ರಿಂದ ಚಲಾವಣೆಯ ನಾಣ್ಯದಲ್ಲಿ ಸಂಪೂರ್ಣವಾಗಿ ಹೋಯಿತು. ಆದರೆ 1964ರ ಕ್ವಾರ್ಟರ್ ಇಂದಿಗೂ 25 ಸೆಂಟಿಗೆ ನಡೆಯುತ್ತದೆ. ಆದ್ದರಿಂದಲೇ ಯಾರದೋ ಮನೆಯ ಡಬ್ಬಿಯಲ್ಲಿ ಹತ್ತಾರು ವರ್ಷ ಬಿದ್ದಿದ್ದ ನಾಣ್ಯಗಳು ಒಂದು ದಿನ ಬ್ಯಾಂಕಿನ ಕೌಂಟರಿಗೆ ಬಂದು, ಮುಖಬೆಲೆಗೇ ಇನ್ನೊಬ್ಬರ ಕೈ ಸೇರುತ್ತವೆ.

ಮೊದಲು ಹಾಫ್ ಡಾಲರಿನಿಂದ ಆರಂಭಿಸುವುದು ಒಳ್ಳೆಯದು. ದಿನನಿತ್ಯದ ವ್ಯವಹಾರದಲ್ಲಿ ಆ ನಾಣ್ಯ ಅಪರೂಪವಾದುದರಿಂದ ಅದನ್ನು ಬೇರೆಯವರು ಆರಿಸಿ ತೆಗೆದಿರುವ ಸಂಭವ ಕಡಿಮೆ. ಒಂದು ರೋಲಿನಲ್ಲಿ 20 ನಾಣ್ಯ, ಅಂದರೆ 10 ಡಾಲರ್. 50 ರೋಲ್‌ಗಳ ಪೆಟ್ಟಿಗೆಗೆ 500 ಡಾಲರ್. ಕ್ವಾರ್ಟರ್ ರೋಲಿನಲ್ಲಿ 40, ಡೈಮ್ ರೋಲಿನಲ್ಲಿ 50 ನಾಣ್ಯಗಳಿರುತ್ತವೆ. ಖಾತೆ ಇದ್ದವರಿಗೆ ಬ್ಯಾಂಕಿನವರು ಹೆಚ್ಚು ಸಹಕರಿಸುವುದರಿಂದ ತಾವು ಮಗನ ಜೊತೆಗೇ ಹೋಗಿ ಕೇಳಿರಿ.

ರೋಲ್‌ಗಳಲ್ಲಿ ಎರಡು ಬಗೆ ಇರುವುದನ್ನು ಗಮನಿಸಬೇಕು. ಯಂತ್ರ ಸುತ್ತಿದ ರೋಲಿನ ಎರಡೂ ತುದಿ ಒಂದೇ ಸಮನೆ ಬಿಗಿಯಾಗಿ ಮಡಚಿರುತ್ತವೆ. ಗ್ರಾಹಕರೇ ಮನೆಯಲ್ಲಿ ಎಣಿಸಿ ಸುತ್ತಿ ತಂದ ರೋಲಿನ ತುದಿ ಸೊಟ್ಟಗಿರುತ್ತದೆ, ಕೆಲವೊಮ್ಮೆ ಮೇಲೆ ಪೆನ್ಸಿಲ್ಲಿನ ಬರಹವೂ ಇರುತ್ತದೆ. ನನ್ನ ಅಭಿಪ್ರಾಯದಲ್ಲಿ ಎರಡನೆಯದನ್ನೇ ಕೇಳಿ ಪಡೆಯಬೇಕು, ಏಕೆಂದರೆ ಅದು ಒಂದು ಮನೆಯ ಸಂಗ್ರಹ, ಇಡೀ ಊರಿನ ಚಿಲ್ಲರೆಯ ಮಿಶ್ರಣವಲ್ಲ. ಅಂಥ ರೋಲಿನಲ್ಲಿ ಒಂದು ಬೆಳ್ಳಿ ಸಿಕ್ಕರೆ ಅದರ ಜೊತೆ ಬಂದ ಉಳಿದ ರೋಲ್‌ಗಳೂ ಇವೆಯೇ ಎಂದು ಅದೇ ದಿನ ಮರಳಿ ಹೋಗಿ ವಿಚಾರಿಸಿರಿ. ನಾಣ್ಯ ಎಣಿಸುವ ಯಂತ್ರವಿದ್ದಲ್ಲಿ, ಯಂತ್ರ ತಿರಸ್ಕರಿಸಿದ ನಾಣ್ಯಗಳು ಬೀಳುವ ತಟ್ಟೆಯ ಕುರಿತೂ ಕೇಳಬಹುದು. ಲೋಹ ಬೇರೆಯಾದುದರಿಂದ ಬೆಳ್ಳಿಯ ನಾಣ್ಯವನ್ನು ಯಂತ್ರ ಅನೇಕ ಸಲ ಹೊರಗೆ ತಳ್ಳುತ್ತದೆ.

ಇನ್ನು ನೋಡುವ ರೀತಿ. ರೋಲನ್ನು ಬಿಚ್ಚಿ ನಾಣ್ಯಗಳನ್ನು ಚೆಲ್ಲಬೇಡಿ. ಕಾಗದವನ್ನು ಉದ್ದಕ್ಕೆ ಸೀಳಿ, ನಾಣ್ಯಗಳು ಸಾಲಾಗಿ ಒಂದಕ್ಕೊಂದು ಅಂಟಿಕೊಂಡಿರುವಾಗಲೇ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಅಂಚುಗಳನ್ನು ನೋಡಿರಿ. 1965ರ ನಂತರದ ಡೈಮ್ ಮತ್ತು ಕ್ವಾರ್ಟರಿನ ಒಳಗೆ ತಾಮ್ರದ ಹಾಳೆ ಇರುವುದರಿಂದ ಅಂಚಿನಲ್ಲಿ ಕಂದುಗೆಂಪು ಗೆರೆಯೊಂದು ಸ್ಪಷ್ಟವಾಗಿ ಕಾಣುತ್ತದೆ. ಆ ಗೆಂಪು ಗೆರೆಗಳ ಸಾಲಿನ ನಡುವೆ ಒಂದೇ ಒಂದು ಅಂಚು ಪೂರ್ತಿ ಬಿಳಿಯಾಗಿ ನಿಂತಿದ್ದರೆ ಅದನ್ನು ಹೊರತೆಗೆದು ಇಸವಿ ನೋಡಿರಿ. ನಲವತ್ತು ನಾಣ್ಯಗಳ ಪರೀಕ್ಷೆಗೆ ಹತ್ತು ಸೆಕೆಂಡು ಸಾಕು. ಆದರೆ ಹಾಫ್ ಡಾಲರಿನಲ್ಲಿ ಈ ಉಪಾಯ ಪೂರ್ತಿ ನೆರವಾಗದು. ಶೇಕಡಾ 40ರ ಬೆಳ್ಳಿಯ ನಾಣ್ಯದ ಅಂಚಿನಲ್ಲಿಯೂ ಮಾಸಲು ಗೆರೆ ಇರಬಹುದು; ಆದ್ದರಿಂದ 1965ರಿಂದ 1969ರವರೆಗಿನವನ್ನು ಇಸವಿ ಓದಿಯೇ ತೆಗೆಯಬೇಕು. ನಿಕಲ್ ಎಂಬ ಐದು ಸೆಂಟಿನ ನಾಣ್ಯದಲ್ಲಂತೂ ಅಂಚು ಏನನ್ನೂ ಹೇಳುವುದಿಲ್ಲ. ಯುದ್ಧಕಾಲದಲ್ಲಿ ನಿಕ್ಕಲ್ ಲೋಹವನ್ನು ಉಳಿಸಲು 1942ರ ಮಧ್ಯದಿಂದ 1945ರವರೆಗೆ ಅದರಲ್ಲಿ ಶೇಕಡಾ 35 ಬೆಳ್ಳಿ ಸೇರಿಸಿದ್ದರು. ಆ ನಾಣ್ಯಗಳ ಹಿಂಬದಿಯಲ್ಲಿ ಕಟ್ಟಡದ ಗುಮ್ಮಟದ ಮೇಲೆ ಪಿ, ಡಿ ಅಥವಾ ಎಸ್ ಎಂಬ ದೊಡ್ಡ ಇಂಗ್ಲಿಷ್ ಅಕ್ಷರವಿರುತ್ತದೆ.

ಸಂಶಯ ಬಂದಾಗ ತೂಕವೇ ಪ್ರಮಾಣ. ಬೆಳ್ಳಿಯ ಕ್ವಾರ್ಟರ್ 6.25 ಗ್ರಾಂ, ಈಗಿನದು 5.67, 1964ರ ಹಾಫ್ ಡಾಲರ್ 12.5 ಗ್ರಾಂ, ಶೇಕಡಾ 40ರದ್ದು 11.5, ಈಗಿನದು 11.34. 1776–1976 ಎಂಬ ಜೋಡಿ ಇಸವಿಯ ನಾಣ್ಯಗಳನ್ನು ಕಂಡು ಅನೇಕರು ಹಿಗ್ಗುತ್ತಾರೆ, ಆದರೆ ಬ್ಯಾಂಕಿನ ರೋಲಿನಲ್ಲಿ ಸಿಗುವ ಅವು ಸಾಮಾನ್ಯವಾಗಿ ತಾಮ್ರ ಮತ್ತು ನಿಕ್ಕಲ್‌ನವೇ. ಬೆಳ್ಳಿಯವನ್ನು ಸಂಗ್ರಾಹಕರಿಗಾಗಿ ಬೇರೆಯಾಗಿ ಟಂಕಿಸಿದ್ದರು. ನೋಡಿ ಮುಗಿದ ನಾಣ್ಯಗಳನ್ನು ಕೊಂಡ ಶಾಖೆಗೇ ಮರಳಿಸಬೇಡಿ. ಹಾಗೆ ಮಾಡಿದರೆ ಆ ಕ್ಯಾಷಿಯರಿಗೆ ತೊಂದರೆ, ತಮಗೆ ಮುಂದಿನ ವಾರ ತಾವೇ ನೋಡಿದ ನಾಣ್ಯ.

ಪ್ರಶ್ನೆ: ನಮ್ಮದು ಕಿರಾಣಿ ಅಂಗಡಿ. ಬ್ಯಾಂಕಿನಿಂದ ನೂರು ನಾಣ್ಯಗಳ ಪ್ಲಾಸ್ಟಿಕ್ ಪಾಕೀಟುಗಳನ್ನು ಆಗಾಗ ತರುತ್ತೇವೆ. ಅವುಗಳಲ್ಲಿ ಬೆಳ್ಳಿಯ ರೂಪಾಯಿ ಸಿಗುವ ಸಾಧ್ಯತೆ ಇದೆಯೇ?
– ಓದುಗರು, ಬೆಟಗೇರಿ, ಗದಗ

ಉತ್ತರ: ಇಲ್ಲವೆಂದೇ ತಿಳಿಯಿರಿ. ತಮ್ಮ ಸಮಯ ವ್ಯರ್ಥವಾಗಬಾರದೆಂದು ಇಷ್ಟು ನೇರವಾಗಿ ಹೇಳುತ್ತಿದ್ದೇನೆ. ನಮ್ಮ ದೇಶದಲ್ಲಿ ಬೆಳ್ಳಿಯನ್ನು ಸರಕಾರವೇ ಚಲಾವಣೆಯಿಂದ ಎಳೆದುಕೊಂಡಿತು. 1835ರಿಂದ 1939ರವರೆಗಿನ ರೂಪಾಯಿ ಶೇಕಡಾ 91.7 ಬೆಳ್ಳಿಯದು. 1940ರಲ್ಲಿ ಅರ್ಧ ಬೆಳ್ಳಿ, ಉಳಿದುದು ತಾಮ್ರ, ನಿಕ್ಕಲ್ ಮತ್ತು ಸತುವು ಇರುವ ನಾಲ್ಕು ಲೋಹಗಳ ಮಿಶ್ರಣ ಬಂತು, ಹಳೆಯ ರೂಪಾಯಿಗಳನ್ನು ಒಂದೊಂದು ದೊರೆಯ ಮುದ್ರೆಯಂತೆ ಹಿಂದಕ್ಕೆ ಪಡೆಯಲಾಯಿತು. 1947ರ ರೂಪಾಯಿ ಬರಿಯ ನಿಕ್ಕಲ್. ಮುಂದೆ ಆ ನಾಲ್ಕು ಲೋಹಗಳ ನಾಣ್ಯಗಳನ್ನೂ ಹಿಂಪಡೆದು, ಯುದ್ಧಕಾಲದಲ್ಲಿ ಅಮೆರಿಕದಿಂದ ಸಾಲವಾಗಿ ತಂದಿದ್ದ ಬೆಳ್ಳಿಯನ್ನು ತೀರಿಸಲು ಅವುಗಳಿಂದ ತೆಗೆದ ಬೆಳ್ಳಿಯನ್ನು ಬಳಸಲಾಯಿತು. ಮೇಲಿನ ಪ್ರಶ್ನೆಯ ದೇಶಕ್ಕೂ ನಮ್ಮ ಚಿಲ್ಲರೆಗೂ ಇರುವ ಈ ನಂಟು ನನಗೆ ಯಾವಾಗಲೂ ವಿಶೇಷವಾಗಿ ತೋರಿದೆ.

ಆದರೂ ಪಾಕೀಟು ಬಿಚ್ಚಿ ನೋಡುವ ಅಭ್ಯಾಸ ಬಿಡಬೇಡಿ. ಟಂಕಸಾಲೆಯಿಂದ ನೇರವಾಗಿ ಬಂದ ಪಾಕೀಟಿನಲ್ಲಿ ಎಲ್ಲವೂ ಒಂದೇ ಮುದ್ರೆಯ ಹೊಸ ನಾಣ್ಯಗಳಾಗಿದ್ದು, ಅಲ್ಲಿ ಹುಡುಕುವುದಕ್ಕೆ ಏನೂ ಇರುವುದಿಲ್ಲ. ವ್ಯಾಪಾರಿಗಳು ಮತ್ತು ದೇವಸ್ಥಾನದವರು ಎಣಿಸಿ ಕಟ್ಟಿ ಜಮಾ ಮಾಡಿದ ಪಾಕೀಟುಗಳೇ ನೋಡತಕ್ಕವು. 1982ರ ಏಷ್ಯಾಡ್ ಸ್ಮರಣೆಯ ಎರಡು ರೂಪಾಯಿ, 1992ರಿಂದ ಬಂದ ಹನ್ನೊಂದು ಮೂಲೆಯ ಎರಡು ರೂಪಾಯಿ, ಇಸವಿಯ ಕೆಳಗಿನ ಟಂಕಸಾಲೆಯ ಗುರುತುಗಳು (ಮುಂಬಯಿಗೆ ವಜ್ರಾಕೃತಿ, ಹೈದರಾಬಾದಿಗೆ ನಕ್ಷತ್ರ, ನೊಯ್ಡಾಕ್ಕೆ ಚುಕ್ಕೆ, ಕೋಲ್ಕತ್ತಕ್ಕೆ ಗುರುತೇ ಇಲ್ಲ) ಇವನ್ನು ಕೂಡಿಸುತ್ತ ಹೋದರೆ ಒಳ್ಳೆಯ ಸಂಗ್ರಹವಾಗುತ್ತದೆ.

ಬೆಳ್ಳಿಯೇ ಬೇಕೆಂದರೆ ಹುಡುಕಬೇಕಾದ ಸ್ಥಳ ಮನೆಯ ಹಳೆಯ ಟ್ರಂಕು ಮತ್ತು ದೀಪಾವಳಿಯ ಲಕ್ಷ್ಮೀ ಪೂಜೆಗೆ ಇಡುವ ಡಬ್ಬಿ. ನಮ್ಮ ಭಾಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಆದ್ದರಿಂದ ರಾಣಿ ಛಾಪಿನ ಮತ್ತು ರಾಜರ ಛಾಪಿನ ರೂಪಾಯಿ, ಎಂಟಾಣೆ, ಪಾವಲಿಗಳೇ ಇಲ್ಲಿ ಹೆಚ್ಚು. ಗದಗಿನ ಮೂಡಣ ಗಡಿಯಾಚೆ ಕೊಪ್ಪಳದ ಸೀಮೆ ನಿಜಾಮರ ಆಳ್ವಿಕೆಯಲ್ಲಿದ್ದುದರಿಂದ ತಮ್ಮ ಕಡೆಯ ಮನೆಗಳಲ್ಲಿ ಚಾರ್‌ಮಿನಾರಿನ ಚಿತ್ರವಿರುವ ಹಾಲಿ ಸಿಕ್ಕಾ ರೂಪಾಯಿ ದೊರೆತರೂ ಆಶ್ಚರ್ಯಪಡಬೇಕಿಲ್ಲ. ಅದರ ತೂಕ ತೊಲೆಗಿಂತ ತುಸು ಕಡಿಮೆ. 1911ರ ಐದನೆಯ ಜಾರ್ಜ್ ರೂಪಾಯಿ ಸಿಕ್ಕರೆ ದೊರೆಯ ನಿಲುವಂಗಿಯ ಮೇಲಿನ ಪುಟ್ಟ ಆನೆಯನ್ನು ಭೂತಗನ್ನಡಿಯಲ್ಲಿ ನೋಡಿರಿ. ಸೊಂಡಿಲು ಗಿಡ್ಡವಾಗಿ ಅದು ಹಂದಿಯಂತೆ ಕಾಣುತ್ತದೆಂದು ಜನ ಆಕ್ಷೇಪಿಸಿದ್ದರಿಂದ 1912ರಲ್ಲಿ ಆ ಚಿತ್ರವನ್ನು ತಿದ್ದಿದರು.

ಪ್ರಶ್ನೆ: ನನ್ನಲ್ಲಿರುವ ಹಳೆಯ ರೂಪಾಯಿಗೆ ಹಲವು ಲಕ್ಷ ಬರುತ್ತದೆ, ಮೊದಲು ನೋಂದಣಿ ಶುಲ್ಕ ಕಟ್ಟಿರಿ ಎಂದು ರಿಸರ್ವ್ ಬ್ಯಾಂಕಿನ ಹೆಸರಿನಲ್ಲಿ ಮೊಬೈಲಿಗೆ ಸಂದೇಶ ಬಂದಿದೆ. ಕಟ್ಟಬಹುದೇ?
– ಗೃಹಿಣಿ, ರಾಣೆಬೆನ್ನೂರು

ಉತ್ತರ: ತಾಯಿ, ಒಂದು ರೂಪಾಯಿಯನ್ನೂ ಕಟ್ಟಬೇಡಿ. ಹಳೆಯ ನಾಣ್ಯ ಮತ್ತು ನೋಟುಗಳ ಮಾರಾಟದಲ್ಲಿ ತಾನು ಭಾಗಿಯಲ್ಲ, ಯಾವುದೇ ಶುಲ್ಕ ಅಥವಾ ಕಮಿಷನ್ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿಯೇ ಸಾರ್ವಜನಿಕರನ್ನು ಎಚ್ಚರಿಸಿದೆ.

ಪ್ರಶ್ನೆ: ಅಜ್ಜನ ಪೆಟ್ಟಿಗೆಯಲ್ಲಿ ಬಿಳಿಯ ನಾಣ್ಯಗಳು ಬೆರಕೆಯಾಗಿವೆ. ಯಾವುದು ಬೆಳ್ಳಿ ಎಂದು ಪತ್ತಾರರಲ್ಲಿಗೆ ಹೋಗದೆ ತಿಳಿಯುವುದು ಹೇಗೆ? ಗಾಂಧೀಜಿಯವರ ಚಿತ್ರದ, 1948 ಎಂದು ಬರೆದ ನಾಣ್ಯಗಳೂ ಇವೆ.
– ವಿದ್ಯಾರ್ಥಿ, ಸಪ್ತಾಪುರ, ಧಾರವಾಡ

ಉತ್ತರ: ಮೊದಲು ಅಯಸ್ಕಾಂತ ಹಿಡಿಯಿರಿ. ಅಂಟಿಕೊಂಡವು ಬೆಳ್ಳಿಯಲ್ಲ, 1947ರ ರೂಪಾಯಿ ಮತ್ತು ಅದರ ನಂತರದ ನಿಕ್ಕಲ್ ರೂಪಾಯಿಗಳು ನೋಡಲು ಬೆಳ್ಳಿಯಂತಿದ್ದರೂ ಇಲ್ಲಿಯೇ ಬೇರೆಯಾಗುತ್ತವೆ. ಆದರೆ ಅಂಟದಿದ್ದ ಮಾತ್ರಕ್ಕೆ ಬೆಳ್ಳಿ ಎನ್ನಲಾಗದು. 1975ರ ನಂತರದ ತಾಮ್ರ ಮತ್ತು ನಿಕ್ಕಲ್ ಮಿಶ್ರಣದ ರೂಪಾಯಿಗೂ ಅಯಸ್ಕಾಂತ ಅಂಟುವುದಿಲ್ಲ.

ಹಳೆಯ ರೂಪಾಯಿಯ ವಿಷಯದಲ್ಲಿ ನೀರಿನ ಪರೀಕ್ಷೆ ನಂಬತಕ್ಕದ್ದು. ಗ್ರಾಮಿನ ನೂರನೆಯ ಭಾಗವನ್ನು ತೋರಿಸುವ ಚಿಕ್ಕ ತಕ್ಕಡಿಯ ಮೇಲೆ ನೀರಿನ ಲೋಟವನ್ನಿಟ್ಟು ಅಂಕಿಯನ್ನು ಸೊನ್ನೆಗೆ ತನ್ನಿರಿ. ನಾಣ್ಯಕ್ಕೆ ಸಣ್ಣ ದಾರ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ನೀರಿನಲ್ಲಿ ಪೂರ್ತಿ ಮುಳುಗಿಸಿ ಹಿಡಿದಾಗ ತಕ್ಕಡಿ ತೋರಿಸುವ ಅಂಕಿ ನಾಣ್ಯ ಸರಿಸಿದ ನೀರಿನ ತೂಕ. 11.66 ಗ್ರಾಮಿನ ಶೇಕಡಾ 91.7 ಬೆಳ್ಳಿಯ ರೂಪಾಯಿಗೆ ಅದು ಸುಮಾರು 1.13 ಬರುತ್ತದೆ, 1940ರ ನಂತರದ ಅರ್ಧ ಬೆಳ್ಳಿಯದಕ್ಕೆ 1.22ರ ಆಸುಪಾಸು, ಅಷ್ಟೇ ತೂಕದ ತಾಮ್ರ ಮತ್ತು ನಿಕ್ಕಲ್‌ನ ನಕಲಿಗೆ 1.30. ನಾಣ್ಯಕ್ಕೆ ಗಾಳಿಯ ಗುಳ್ಳೆ ಅಂಟಿದ್ದರೆ ಲೆಕ್ಕ ತಪ್ಪುವುದರಿಂದ ಒಮ್ಮೆ ಮೆಲ್ಲಗೆ ಅಲುಗಿಸಿರಿ. ಬಳಸಿ ಸವೆದ ನಾಣ್ಯದ ತೂಕ ಕಡಿಮೆ ಇರುತ್ತದೆ, ಆಗ ನಾಣ್ಯದ ತೂಕವನ್ನು ಈ ಅಂಕಿಯಿಂದ ಭಾಗಿಸಿರಿ: 10.3ರ ಸಮೀಪ ಬಂದರೆ ಉತ್ತಮ ಬೆಳ್ಳಿ, 9.5ರ ಸಮೀಪ ಬಂದರೆ ಅರ್ಧ ಬೆಳ್ಳಿ.

ಗಾಂಧೀಜಿಯವರ ನಾಣ್ಯಗಳ ಮೇಲೆ ಇರುವ 1869–1948 ಅವರ ಜನನ ಮತ್ತು ಮರಣದ ಇಸವಿಗಳೇ ಹೊರತು ಟಂಕಿಸಿದ ಇಸವಿಯಲ್ಲ. ಅವು 1969ರ ಜನ್ಮಶತಾಬ್ದಿಯವು. ಅವುಗಳಲ್ಲಿ ಹತ್ತು ರೂಪಾಯಿಯದು ಮಾತ್ರ ಬೆಳ್ಳಿ, 15 ಗ್ರಾಮಿನಲ್ಲಿ ಶೇಕಡಾ 80. ಒಂದು ರೂಪಾಯಿ ಮತ್ತು ಐವತ್ತು ಪೈಸೆಯವು ನಿಕ್ಕಲ್. ಅಯಸ್ಕಾಂತ ಹಿಡಿದರೆ ಕೂಡಲೇ ತಿಳಿಯುತ್ತದೆ.

ಪ್ರಶ್ನೆ: ಬೆಳ್ಳಿ ರೂಪಾಯಿಗಳು ಕಪ್ಪಾಗಿವೆ. ಹುಣಸೆಹಣ್ಣಿನಿಂದ ತಿಕ್ಕಬಹುದೇ? ಕರಗಿಸಿ ಆರತಿ ತಟ್ಟೆ ಮಾಡಿಸಬೇಕೆಂದು ಮನೆಯವರು ಹೇಳುತ್ತಾರೆ.
– ಓದುಗರು, ಬ್ಯಾಡಗಿ, ಹಾವೇರಿ ಜಿಲ್ಲೆ

ಉತ್ತರ: ದಯವಿಟ್ಟು ತಿಕ್ಕಬೇಡಿ. ಗಾಳಿಯಲ್ಲಿರುವ ಗಂಧಕದ ಅಂಶದಿಂದ ಬೆಳ್ಳಿಯ ಮೇಲೆ ಕೂಡುವ ಆ ಕಪ್ಪು ತೆಳುವಾದ ಪದರವಾಗಿದ್ದು, ಕೆಳಗಿನ ಲೋಹವನ್ನು ಅದು ಕೆಡಿಸುವುದಿಲ್ಲ. ತಿಕ್ಕಿದರೆ ಕಪ್ಪಿನ ಜೊತೆಗೆ ಮುದ್ರೆಯ ಸಣ್ಣ ಗೆರೆಗಳೂ ಹೋಗುತ್ತವೆ. ನಾನು ಚಿಕ್ಕವನಿದ್ದಾಗ 1903ರ ಒಂದು ರೂಪಾಯಿಯನ್ನು ಹುಣಸೆಹಣ್ಣು ಮತ್ತು ಬೂದಿ ಹಚ್ಚಿ ಥಳಥಳಿಸುವವರೆಗೆ ತಿಕ್ಕಿದ್ದೆ. ಏಳನೆಯ ಎಡ್ವರ್ಡ್ ದೊರೆಯ ಗಡ್ಡದ ಎಳೆಗಳು ಆ ದಿನ ನುಣುಪಾಗಿ ಹೋದವು. ಆ ನಾಣ್ಯ ಈಗಲೂ ನನ್ನ ಬಳಿ ಇದೆ, ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಮಣ್ಣು ಅಂಟಿದ್ದರೆ ಶುದ್ಧ ನೀರಿನಲ್ಲಿ ಅದ್ದಿ ತೆಗೆದು, ಒರೆಸದೆ, ಮೆತ್ತನೆಯ ಅರಿವೆಯ ಮೇಲೆ ಒಣಗಲು ಬಿಡಿರಿ.

ಕರಗಿಸುವ ವಿಚಾರವನ್ನೂ ಕೈಬಿಡಬೇಕೆಂದು ಕೋರುತ್ತೇನೆ. ಒಂದು ರೂಪಾಯಿಯಿಂದ ಸುಮಾರು 10.7 ಗ್ರಾಂ ಬೆಳ್ಳಿ ದೊರೆತೀತು, ಆದರೆ ಇಸವಿ ಮತ್ತು ಟಂಕಸಾಲೆಯನ್ನು ನೋಡದೆ ಕರಗಿಸಿದವರು 1939ರ ರೂಪಾಯಿಯಂಥ ಅತಿ ವಿರಳ ನಾಣ್ಯವನ್ನೂ ಅದೇ ಬೆಲೆಗೆ ಕಳೆದುಕೊಂಡಾರು. ಆರತಿ ತಟ್ಟೆಗೆ ಸರಾಫರಲ್ಲಿ ಹೊಸ ಬೆಳ್ಳಿಯನ್ನೇ ಕೊಳ್ಳಿರಿ. ರೂಪಾಯಿಗಳನ್ನು ಅಂಚು ಹಿಡಿದು ಎತ್ತಿ ಒಂದೊಂದಾಗಿ ಕಾಗದದ ಲಕೋಟೆಯಲ್ಲಿಟ್ಟು, ಇಸವಿಯನ್ನು ಲಕೋಟೆಯ ಮೇಲೆ ಬರೆಯಿರಿ. ಮೆತ್ತಗಿನ, ವಾಸನೆ ಬರುವ ಪಿವಿಸಿ ಚೀಲಗಳಲ್ಲಿ ಇಟ್ಟರೆ ಕೆಲವು ವರ್ಷಗಳಲ್ಲಿ ನಾಣ್ಯಕ್ಕೆ ಹಸಿರು ಜಿಗುಟು ಹತ್ತುತ್ತದೆ.