ಮ್ಯಾಡ್ರಿಡ್‌ನಲ್ಲಿ ಸ್ಯಾಂಡ್‌ವಿಚ್ ಕೇಳೋಕೆ ಎಷ್ಟು ಸ್ಪ್ಯಾನಿಷ್ ಬೇಕು?

ಮುಂದಿನ ತಿಂಗಳು ಮ್ಯಾಡ್ರಿಡ್‌ಗೆ ಹೊರಟಿದ್ದೀರಿ, ಮೊಟ್ಟೆ ಓಕೆ ಆದರೆ ಮಾಂಸ ಮೀನು ಬೇಡ, ಸ್ಯಾಂಡ್‌ವಿಚ್ ಕೇಳುವಷ್ಟು ಸ್ಪ್ಯಾನಿಷ್ ಬಂದರೆ ಸಾಕು ಅಂದಿದ್ದೀರಿ. ನಾನು ಅಲ್ಲಿ ಎರಡು ವರ್ಷ ಇದ್ದೆ. ಮೊದಲ ವಾರವೇ ಬೇಸ್ತು ಬಿದ್ದೆ. ಬೋರ್ಡಿನಲ್ಲಿ ‘ಸಾಂದ್ವಿಚ್ ಬೆಹೆತಾಲ್’ ಅಂತಿತ್ತು, ವೆಜಿಟಬಲ್ ತಾನೆ ಅಂತ ಕೇಳಿಬಿಟ್ಟೆ. ಎರಡನೇ ತುತ್ತಿಗೆ ವಾಸನೆ ಬಂತು. ಬ್ರೆಡ್ ಎತ್ತಿ ನೋಡಿದರೆ ಲೆಟ್ಯೂಸ್, ಟೊಮೆಟೊ, ಬೇಯಿಸಿದ ಮೊಟ್ಟೆ, ಅದರಡಿ ಮೇಯೊನೀಸ್ ಮೆತ್ತಿಕೊಂಡ ಟ್ಯೂನಾ ಮೀನು! ಅಂಗಡಿಯವರದ್ದೇನೂ ತಪ್ಪಿಲ್ಲ, ಅಲ್ಲಿ ಬೆಹೆತಾಲ್ ಅಂದರೆ ಸಾಮಾನ್ಯವಾಗಿ ಹಾಗೇ ಇರುತ್ತೆ.

ಅದಕ್ಕೇ ಮೊದಲು ‘ಕೆ ಯೇಬಾ?’ ಕಲಿಯಿರಿ. ಇದರಲ್ಲಿ ಏನೇನು ಹಾಕಿರ್ತೀರಿ ಅಂತ. ಟ್ಯೂನಾ ಇದೆಯಾ ಅನ್ನೋಕೆ ‘ಯೇಬಾ ಅತೂನ್?’. ಬೇಡದ್ದರ ಹೆಸರಿಗೆ ಮೊದಲು ‘ಸಿನ್’, ಅಂದರೆ ‘ಇಲ್ಲದೆ’, ಸೇರಿಸಿ. ಸುಮ್ನೆ ‘ಸಿನ್ ಕಾರ್ನೆ’, ಅಂದರೆ ಮಾಂಸ ಬೇಡ ಅಂದರೆ ಸಾಲದು, ಹಂದಿ ತೊಡೆಯ ಮಾಂಸವಾದ ಹಮೋನನ್ನು ಎಷ್ಟೋ ಜನ ಆ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ‘ಸಿನ್ ಹಮೋನ್, ಸಿನ್ ಅತೂನ್’ ಅಂತ ಹೆಸರು ಹಿಡಿದೇ ಹೇಳಿ.

ಇನ್ನೊಂದು ವಿಷಯ. ಅಲ್ಲಿ ಸಾಂದ್ವಿಚ್ ಅಂದರೆ ಮೆತ್ತನೆಯ ಚೌಕದ ಬ್ರೆಡ್ಡಿನದು ಮಾತ್ರ. ಗಟ್ಟಿ ಸಿಪ್ಪೆಯ ಉದ್ದ ಬ್ರೆಡ್ ಸೀಳಿ ತುಂಬಿಸಿದ್ದು ‘ಬೊಕದೀಯೊ’, ಆಡುಮಾತಿನಲ್ಲಿ ‘ಬೊಕಾತಾ’. ಬೊಕಾ ಅಂದರೆ ಬಾಯಿ, ಬೊಕಾದೊ ಅಂದರೆ ತುತ್ತು, ಬೊಕದೀಯೊ ಅಂದರೆ ಪುಟ್ಟ ತುತ್ತು, ಆದರೆ ಈ ‘ಪುಟ್ಟ ತುತ್ತು’ ಮೊಳಕೈಯಷ್ಟು ಉದ್ದ ಬಂದರೂ ಬರಬಹುದು. ಊರಿನ ದೊಡ್ಡ ಚೌಕ ಪ್ಲಾಸಾ ಮಯೋರ್ ಸುತ್ತಮುತ್ತ ‘ಬೊಕದೀಯೊ ದೆ ಕಲಮಾರೆಸ್’ ಕಾಣಿಸಿದರೆ ಹುಷಾರು, ನೋಡೋಕೆ ಥೇಟ್ ಈರುಳ್ಳಿ ಬಜ್ಜಿ, ಒಳಗಿರೋದು ಸ್ಕ್ವಿಡ್ ಅನ್ನೋ ಕಡಲಜೀವಿ.

ಕೇಳುವುದು ಬಹಳ ಸುಲಭ. ನಾವು ‘ಒಂದು ಮಸಾಲೆ ಹಾಕಿ’ ಅನ್ನುತ್ತೀವಲ್ಲ, ಅವರೂ ‘ಹಾಕು’ ಅಂತಲೇ ಕೇಳೋದು: ‘ಮೆ ಪೋನೆಸ್ ಉನ್ ಬೊಕದೀಯೊ ದೆ ಕೇಸೊ?’ ನನಗೊಂದು ಚೀಸ್ ಬೊಕದೀಯೊ ಹಾಕ್ತೀಯಾ? ಏಕವಚನ ಅಂತ ಮುಜುಗರ ಬೇಡ, ಅಲ್ಲಿನ ಬಾರ್‌ಗಳಲ್ಲಿ ಅದು ಮಾಮೂಲಿ. ಕೌಂಟರ್‌ನಲ್ಲಿ ವಯಸ್ಸಾದವರಿದ್ದರೆ ‘ಮೆ ಪೋನೆ’ ಅನ್ನಿ, ಮರ್ಯಾದೆ ಬಂತು. ಪಾರ್ಸೆಲ್‌ಗೆ ‘ಪರಾ ಯೆಬಾರ್’. ಉಚ್ಚಾರಣೆಗೆ ನಮಗೆ ಕಷ್ಟವಿಲ್ಲ, ಅವರ ತ, ದ ನಮ್ಮ ತ, ದ ಥರವೇ, ಇಂಗ್ಲಿಷಿನ ಟ, ಡ ತರಬೇಡಿ ಅಷ್ಟೇ.

ನಿಮಗೆ ಸರಿಹೋಗೋದು ‘ಬೊಕದೀಯೊ ದೆ ತೊರ್ತೀಯಾ’. ಮೆಕ್ಸಿಕೊದಲ್ಲಿ ತೊರ್ತೀಯಾ ಅಂದರೆ ರೊಟ್ಟಿ, ಸ್ಪೇನ್‌ನಲ್ಲಿ ದಪ್ಪನೆಯ ಆಲೂಗಡ್ಡೆ ಆಮ್ಲೆಟ್. ಅದನ್ನೇ ಬ್ರೆಡ್ಡಿನೊಳಗೆ ಇಟ್ಟು ಕೊಡುತ್ತಾರೆ. ಬೆಣ್ಣೆ, ಸಾಸ್ ಏನೂ ಇರೋದಿಲ್ಲ, ಗಂಟಲಲ್ಲಿ ಇಳಿಯೋದು ಸ್ವಲ್ಪ ಕಷ್ಟ, ಅದಕ್ಕೆ ಕೊನೆಯಲ್ಲಿ ‘ಕೋನ್ ತೊಮಾತೆ’ ಸೇರಿಸಿ. ಬ್ರೆಡ್ಡಿಗೆ ಟೊಮೆಟೊ ಹಚ್ಚಿ ಕೊಡುತ್ತಾರೆ.