ಟಿಪ್ಪಣಿ ಸಹಿತ ಗ್ರಂಥಸೂಚಿಯಲ್ಲಿ ಏನು ಬರೆಯಬೇಕು?

ಹಾಸನ ಜಿಲ್ಲೆಯ ಶಾಸನಗಳ ಮೇಲೆ ಪ್ರಬಂಧ ಬರೆಯುತ್ತಿದ್ದೀರಿ, ಗ್ರಂಥಸೂಚಿಯಲ್ಲಿ ಪ್ರತಿ ಪುಸ್ತಕದ ಕೆಳಗೆ ಟಿಪ್ಪಣಿ ಏನಿರಬೇಕು ಅಂತ ಕೇಳಿದ್ದೀರಿ. ಬರೀ ಸಾರಾಂಶ ಬರೆದು ಕೈತೊಳೆದುಕೊಳ್ಳಬೇಡಿ. ಅದಕ್ಕೆ ಒಂದೆರಡು ವಾಕ್ಯ ಸಾಕು. ಆ ಆಕರವನ್ನು ಎಷ್ಟು ನಂಬಬಹುದು, ನಿಮ್ಮ ವಾದಕ್ಕೆ ಎಲ್ಲಿ ಒದಗುತ್ತದೆ ಅನ್ನುವುದೇ ಟಿಪ್ಪಣಿಯ ಜೀವಾಳ.

ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ ಹಾಸನ ಸಂಪುಟವನ್ನೇ ತೆಗೆದುಕೊಳ್ಳಿ. ಅದು ಅಚ್ಚಾದದ್ದು 1902ರಲ್ಲಿ. ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಒಂದಾದ, ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನವನ್ನು ಎಂ.ಎಚ್. ಕೃಷ್ಣ ಬೆಳಕಿಗೆ ತಂದದ್ದು 1936ರಲ್ಲಿ. ಆ ಹಳೆಯ ಸಂಪುಟ ಒಂದನ್ನೇ ನಂಬಿ ‘ಜಿಲ್ಲೆಯ ಅತಿ ಹಳೆಯ ಕನ್ನಡ ಶಾಸನ’ ಯಾವುದೆಂದು ತೀರ್ಮಾನಿಸಿದರೆ ಖಂಡಿತ ಎಡವುತ್ತೀರಿ. ಟಿಪ್ಪಣಿ ಹೀಗಿರಲಿ: “ಹೊಯ್ಸಳ ಶಾಸನಗಳ ಪಾಠಕ್ಕೆ ಅತ್ಯಗತ್ಯ. 1902ರ ಈಚೆಗೆ ಸಿಕ್ಕವು ಇದರಲ್ಲಿಲ್ಲ, ಹಲ್ಮಿಡಿಗೆ ಬೇರೆ ಆಕರ ಬೇಕು. ಎರಡನೇ ಅಧ್ಯಾಯಕ್ಕೆ ಬಳಸಿದೆ.”

ಇನ್ನೊಂದು ಮಾತು. ಮೈಸೂರು ವಿಶ್ವವಿದ್ಯಾನಿಲಯ ತಂದ ಪರಿಷ್ಕೃತ ಸಂಪುಟಗಳೂ ಇವೆ, ಅವುಗಳಲ್ಲಿ ಶಾಸನಗಳ ಸಂಖ್ಯೆ ಬದಲಾಗಿದೆ. ಯಾವ ಆವೃತ್ತಿ ನೋಡಿದಿರಿ ಅಂತ ಮರೆಯದೆ ಬರೆಯಿರಿ, ಇಲ್ಲದಿದ್ದರೆ ಓದುವವರು ಹುಡುಕಿ ಸುಸ್ತಾಗುತ್ತಾರೆ.

ದೇವಸ್ಥಾನದ ಬಳಿ ಸಿಗುವ ಜಕಣಾಚಾರಿ ಕಥೆಯ ಕಿರುಪುಸ್ತಕವನ್ನೂ ಸೇರಿಸಬಹುದು, ಆದರೆ ಐತಿಹ್ಯ ಎಂದೇ ಗುರುತಿಸಿ.